ಅಜ್ಜ ಹತ್ತಿದ ಆ ಬಿಳಿ ಹಡಗು ಯಾವುದು? (ಕ್ಯಾಲಿಫೋರ್ನಿಯಾ, 1956)

ಧಾರವಾಡ ಪೇಡಾ

ಎಲ್ಲರಿಗೂ ನಮಸ್ಕಾರ. ಒಂದು ಹಡಗಿನ ಗುರುತು ಹಿಡಿಯಲು ನಿಮ್ಮ ಸಹಾಯ ಬೇಕು.

ಕಳೆದ ತಿಂಗಳು ಧಾರವಾಡದ ಮಾಳಮಡ್ಡಿಯ ನಮ್ಮ ಹಳೇ ಮನೆ ಖಾಲಿ ಮಾಡಿದೆವು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ಎರಡು ಫೋಟೊ ಸಿಕ್ಕವು. ಅಜ್ಜ 1955ರಿಂದ 57ರವರೆಗೆ ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದರು. ಮೊದಲ ಫೋಟೊದಲ್ಲಿ ಕೋಟು ಹಾಕಿಕೊಂಡು ಹಡಗಿನ ಕಟಕಟೆಗೆ ಒರಗಿ ನಿಂತಿದ್ದಾರೆ. ಅವರ ಹಿಂದೆ ಟ್ಯೂಬಿನಂಥ ಲೈಫ್‌ಬಾಯ್ ತೂಗುಹಾಕಿದ್ದಾರೆ. ಅದರ ಮೇಲಿನ ಹೆಸರು ಅರ್ಧ ಅಜ್ಜನ ಭುಜದ ಹಿಂದೆ ಹೋಗಿದೆ. ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರ ಮಾತ್ರ ಕಾಣುತ್ತವೆ: ಎಲ್, ಐ, ಎನ್, ಎ. ಎರಡನೇ ಫೋಟೊ ಡೆಕ್ ಮೇಲಿಂದ ತೆಗೆದದ್ದು. ಎದುರಿಗೆ ಗುಡ್ಡ, ಗುಡ್ಡದ ಬುಡದಲ್ಲಿ ನೀರಿಗೆ ಅಂಟಿಕೊಂಡಂತೆ ದೊಡ್ಡದೊಂದು ಗುಂಡನೆಯ ಬಿಳಿ ಕಟ್ಟಡ.

ಹಿಂದೆ ಅಜ್ಜನ ಕೈಬರಹ ಇದೆ: "ದ್ವೀಪಕ್ಕೆ. ಆಗಸ್ಟ್ 1956. ಕೆಂಪು ರೈಲು, ಆಮೇಲೆ ಸ್ಟೀಮರು." ಅಷ್ಟೇ.

ಅಜ್ಜ ಈ ಪ್ರಯಾಣದ ಬಗ್ಗೆ ಮೂರು ಕಥೆ ಹೇಳುತ್ತಿದ್ದರಂತೆ. ಹಡಗಿನಲ್ಲಿ ಬೆಳಗ್ಗೆಯೇ ಬ್ಯಾಂಡು ಬಾರಿಸಿ ಜನ ಜೋಡಿಜೋಡಿಯಾಗಿ ಕುಣಿಯುತ್ತಿದ್ದರು. ದಡ ಹತ್ತಿರ ಬಂದಾಗ ಹುಡುಗರು ಈಜಿಕೊಂಡು ಬಂದು, ಮೇಲಿಂದ ಎಸೆದ ನಾಣ್ಯಗಳನ್ನು ಮುಳುಗಿ ಹಿಡಿಯುತ್ತಿದ್ದರು. ಆಮೇಲೆ, ಆ ಹಡಗು ಯುದ್ಧಕ್ಕೆ ಹೋಗಿ ಬಂದದ್ದು. ನಮ್ಮ ಅಜ್ಜಿ ಒಂದನ್ನೂ ನಂಬಲಿಲ್ಲ. "ಹಡಗದಾಗ ಯಾರರ ಕುಣೀತಾರೇನ್ರಿ" ಎಂದು ಕೊನೆಯವರೆಗೂ ಕೇಳುತ್ತಿದ್ದರಂತೆ. ಈಗ ಅಜ್ಜನೂ ಇಲ್ಲ, ಅಜ್ಜಿಯೂ ಇಲ್ಲ. ನಮ್ಮ ಅತ್ತೆ ಒಬ್ಬರೇ ಇದ್ದಾರೆ, 78 ವರ್ಷ. ಅವರು ದಿನಾ ಫೋನ್ ಮಾಡಿ "ಹಡಗಿನ ಹೆಸರು ಸಿಕ್ತೇನ" ಅಂತ ಕೇಳುತ್ತಾರೆ.

ತುಮರಿ ಹುಡುಗ

ಅಕ್ಕಾ, ಲಾಸ್ ಏಂಜಲೀಸ್ ಹತ್ತಿರದ ದ್ವೀಪ ಅಂದರೆ ಸಾಂಟಾ ಕ್ಯಾಟಲೀನಾ ಇರಬೇಕು. ಅಲ್ಲಿನ ಊರಿನ ಹೆಸರು ಆವಲಾನ್. ಆವಲಾನ್ ಹೆಸರಿನ ಹಡಗೂ ಒಂದಿತ್ತು ಅಂತ ಓದಿದ ನೆನಪು. ಅದೇ ಇರಬಹುದಾ?

ಲಾಂಗ್ ಬೀಚ್ ಕನ್ನಡತಿ

ಆ ಗುಂಡನೆಯ ಕಟ್ಟಡ ನೋಡಿದ ತಕ್ಷಣ ಗೊತ್ತಾಯಿತು. ನಮ್ಮ ಮನೆಯಿಂದ ಆ ದ್ವೀಪಕ್ಕೆ ಹೋಗುವ ದಕ್ಕೆ ಹತ್ತು ನಿಮಿಷದ ದಾರಿ. ಅದು ಆವಲಾನ್‌ನ ಕ್ಯಾಸಿನೊ. ಹೆಸರು ಕೇಳಿ ಜೂಜುಕಟ್ಟೆ ಅಂದುಕೊಳ್ಳಬೇಡಿ. ಅಲ್ಲಿ ಜೂಜು ಯಾವತ್ತೂ ಇರಲಿಲ್ಲ. ಕೆಳಗೆ ಸಿನಿಮಾ ಮಂದಿರ, ಮೇಲೆ ನೃತ್ಯದ ದೊಡ್ಡ ಹಾಲ್. 1929ರ ಮೇ 29ರಂದು ಶುರುವಾಯಿತು. ಹಳೇ ಫೋಟೊಗಳ ಕಾಲ ಹೇಳಲು ನಮಗೆಲ್ಲ ಅದೇ ಗುರುತು. ಕ್ಯಾಸಿನೊ ಇದ್ದರೆ ಫೋಟೊ 1929ರ ನಂತರದ್ದು. ಅದೇ ಜಾಗದಲ್ಲಿ ಮೊದಲು ಚಿಕ್ಕದೊಂದು ನೃತ್ಯಶಾಲೆ ಇತ್ತು. ಅದನ್ನು ಕಳಚಿ, ಅದರ ಉಕ್ಕಿನ ಚೌಕಟ್ಟನ್ನು ದ್ವೀಪದ ಪಕ್ಷಿಧಾಮದ ಪಂಜರಕ್ಕೆ ಬಳಸಿಕೊಂಡರು.

ಇನ್ನು ಹಡಗು. ಆವಲಾನ್ ಅಲ್ಲ. ಆ ಹೆಸರಿನ ಹಡಗು ನಿಜವಾಗಿ ಇತ್ತು. 1891ರಲ್ಲಿ ವರ್ಜೀನಿಯಾ ಎಂಬ ಹೆಸರಲ್ಲಿ ಅಮೆರಿಕದ ದೊಡ್ಡ ಸರೋವರಗಳಲ್ಲಿ ಓಡಾಡಲು ಕಟ್ಟಿದ್ದು. ಆಮೇಲೆ ಇಲ್ಲಿಗೆ ಬಂದು ಹೆಸರು ಬದಲಾಯಿತು. ಆದರೆ 1951ರಲ್ಲೇ ಅದನ್ನು ನಿಲ್ಲಿಸಿಬಿಟ್ಟರು. ನಿಮ್ಮ ಅಜ್ಜ ಹೋದದ್ದು 1956ರಲ್ಲಿ. ಆಗ ಈ ದಾರಿಯಲ್ಲಿ ಓಡುತ್ತಿದ್ದ ದೊಡ್ಡ ಸ್ಟೀಮರ್ ಒಂದೇ, ಎಸ್.ಎಸ್. ಕ್ಯಾಟಲೀನಾ. ಕೊನೆಯ ನಾಲ್ಕು ಅಕ್ಷರವೂ ಸರಿಹೊಂದುತ್ತವೆ. ಇಲ್ಲಿನ ಹಿರಿಯರು ಈಗಲೂ ಅದನ್ನು "ದೊಡ್ಡ ಬಿಳಿ ಸ್ಟೀಮರ್" ಅಂತಲೇ ನೆನೆಯುತ್ತಾರೆ.

ಕೆಂಪು ರೈಲಿನ ಮಾತೂ ಸರಿ. ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿ ಕಟ್ಟಿದ ಕೆಂಪು ವಿದ್ಯುತ್ ರೈಲುಗಳ ಜಾಲ ಲಾಸ್ ಏಂಜಲೀಸ್‌ನಲ್ಲಿ ಆಗಿನ್ನೂ ಸ್ವಲ್ಪ ಉಳಿದಿತ್ತು. ಊರ ನಡುವಿನ ಆರನೇ ಬೀದಿ ಮತ್ತು ಮೇನ್ ಬೀದಿ ಕೂಡುವಲ್ಲಿ ನಿಲ್ದಾಣ. ಅಲ್ಲಿ ಹತ್ತಿದರೆ ವಿಲ್ಮಿಂಗ್ಟನ್‌ನಲ್ಲಿ ಹಡಗಿನ ಪಕ್ಕಕ್ಕೇ ತಂದು ಇಳಿಸುತ್ತಿತ್ತು. ಆ ಜಾಲದ ಕೊನೆಯ ಮಾರ್ಗ 1961ರಲ್ಲಿ ಮುಚ್ಚಿತು. ಈಗ ಅದೇ ದಾರಿ ಕಾರಿನಲ್ಲಿ ಹೋದರೆ ಬರೀ ಟ್ರಾಫಿಕ್.

ಧಾರವಾಡ ಪೇಡಾ

ಅಕ್ಕಾ, ಕೈ ನಡುಗುತ್ತಿದೆ. ಕ್ಯಾಟಲೀನಾ! ಅತ್ತೆಗೆ ಈಗಲೇ ಫೋನ್ ಮಾಡಿದೆ. ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹೌದಲ್ಲ, ನಮ್ಮಪ್ಪ ಕಟ್ಲೀನ, ಕಟ್ಲೀನ ಅಂತಿದ್ದ. ನಾವು ಅದು ಯಾರೋ ಹೆಂಗಸಿನ ಹೆಸರು ಅಂತ ತಿಳ್ಕೊಂಡಿದ್ವಿ" ಅಂದರು.

ಯುದ್ಧದ ವಿಷಯ? ಅದೂ ನಿಜವಾ?

ಕುಳಾಯಿ ಮಾಮ

ನಾನು 31 ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು. ಈಗ ಊರಿನಲ್ಲಿದ್ದೇನೆ. ಈ ಹಡಗಿನ ವಿಷಯ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಯುದ್ಧದ ಮಾತು ನೂರಕ್ಕೆ ನೂರು ನಿಜ ಮಗಳೇ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದ ಸೇನೆ ಈ ಹಡಗನ್ನು ವಶಕ್ಕೆ ತೆಗೆದುಕೊಂಡಿತು. ಬಿಳಿ ಬಣ್ಣ ಹೋಗಿ ಬೂದು ಬಣ್ಣ ಬಂತು. ಹೆಸರೂ ಹೋಯಿತು, ಎಫ್ಎಸ್-99 ಎಂಬ ಸಂಖ್ಯೆ ಬಂತು. ದೂರದ ಸಮುದ್ರಕ್ಕೆ ಹೋಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲೇ ಇತ್ತು. ಪೆಸಿಫಿಕ್ ಕಡೆ ಹೊರಡುವ ಸೈನಿಕರನ್ನು ಶಿಬಿರಗಳಿಂದ ದೊಡ್ಡ ಹಡಗುಗಳ ಹತ್ತಿರ ಮುಟ್ಟಿಸುವುದು, ಮರಳಿದವರನ್ನು ದಡಕ್ಕೆ ತರುವುದು, ಇದೇ ಕೆಲಸ. ಹಾಗೆ ಸಾಗಿಸಿದ ಸೈನಿಕರ ಲೆಕ್ಕ 8,20,199. 1946ರಲ್ಲಿ ವಾಪಸ್ ಬಂದು ಮತ್ತೆ ಬಿಳಿ ಬಣ್ಣ ಬಳಿಸಿಕೊಂಡು ದ್ವೀಪದ ಜನರನ್ನು ಕೂರಿಸಿಕೊಂಡಿತು. ನಿಮ್ಮ ಅಜ್ಜ ಹತ್ತುವಾಗ ಅದಾಗಿ ಹತ್ತೇ ವರ್ಷ. ಹಡಗಿನ ಹಳೇ ಸಿಬ್ಬಂದಿ ಯಾರಾದರೂ ಹೇಳಿರುತ್ತಾರೆ.

ಕಟ್ಟಿಸಿದವರು ವಿಲಿಯಂ ರಿಗ್ಲಿ. ಹೌದು, ಚೂಯಿಂಗ್ ಗಮ್ ರಿಗ್ಲಿ. 1919ರಲ್ಲಿ ದ್ವೀಪದ ಕಂಪನಿಯನ್ನೇ ಕೊಂಡುಕೊಂಡರು. ದ್ವೀಪ ಇದ್ದು ಏನು, ಜನ ಬರಬೇಕಲ್ಲ. ಅದಕ್ಕೆ ಸುಮಾರು 10 ಲಕ್ಷ ಡಾಲರ್ ಹಾಕಿ ಲಾಸ್ ಏಂಜಲೀಸ್ ಬಂದರಿನಲ್ಲೇ ಹಡಗು ಕಟ್ಟಿಸಿದರು. 1924ರ ಜೂನ್ 30ರಂದು ಮೊದಲ ಪ್ರಯಾಣ. ಉದ್ದ 300 ಅಡಿಗೆ ಸ್ವಲ್ಪ ಜಾಸ್ತಿ. ಸುಮಾರು 1,950 ಜನ ಹಿಡಿಸುತ್ತಿದ್ದರು. ಸಮುದ್ರ ದಾಟಲು ಎರಡೂಕಾಲು ಗಂಟೆ.

ಎಂಜಿನ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಎರಡು ಎಂಜಿನ್, ಎರಡು ಪ್ರೊಪೆಲ್ಲರ್, ಒಟ್ಟು 4,000 ಅಶ್ವಶಕ್ತಿ. ಒಂದೊಂದು ಎಂಜಿನ್‌ಗೆ ಮೂರು ಸಿಲಿಂಡರ್. ಬಾಯ್ಲರಿನಿಂದ ಬಂದ ಹಬೆ ಮೊದಲು ಚಿಕ್ಕ ಸಿಲಿಂಡರಿನಲ್ಲಿ ದುಡಿಯುತ್ತದೆ. ಅಲ್ಲಿ ಸ್ವಲ್ಪ ಒತ್ತಡ ಇಳಿದ ಅದೇ ಹಬೆ ನಡುವಿನ ಸಿಲಿಂಡರಿಗೆ, ಅಲ್ಲಿಂದ ಎಲ್ಲಕ್ಕಿಂತ ದೊಡ್ಡದಕ್ಕೆ. ಒತ್ತಡ ಕಡಿಮೆಯಾದಂತೆ ಸಿಲಿಂಡರ್ ಅಗಲವಾಗುತ್ತದೆ, ಹಾಗಾಗಿ ಮೂರೂ ಕಡೆ ಹೆಚ್ಚುಕಡಿಮೆ ಸಮ ಕೆಲಸ ಆಗುತ್ತದೆ. ಒಂದೇ ಕಬ್ಬನ್ನು ಗಾಣಕ್ಕೆ ಮೂರು ಸಲ ಕೊಟ್ಟ ಹಾಗೆ. ಈ ಎಂಜಿನ್ ಡೀಸೆಲ್ ಥರ ಕುಲುಕುವುದಿಲ್ಲ. ಮೆತ್ತಗೆ ಉಸಿರಾಡುತ್ತದೆ. ಅಂಥ ಹಡಗಿನ ಮೇಲೆ ಕುಣಿಯಬಹುದು. ನಿಮ್ಮ ಅಜ್ಜಿ ನಂಬಲಿಲ್ಲ ಅಂದಿರಲ್ಲ, ಈ ಹಡಗಿನಲ್ಲಿ ನೃತ್ಯಕ್ಕೆಂದೇ ಜಾಗ ಇತ್ತು, ಬ್ಯಾಂಡೂ ಇತ್ತು.

ಇನ್ನೊಂದು ಮಾತು. ಹಳೇ ಹಡಗು ಹುಡುಕುವವರು ಹೆಸರನ್ನು ಮಾತ್ರ ನಂಬಬೇಡಿ. ಒಂದೇ ಹೆಸರಿನ ಹತ್ತು ಹಡಗು ಇರುತ್ತವೆ. ಒಂದೇ ಹಡಗಿಗೆ ಮೂರು ಹೆಸರೂ ಇರುತ್ತವೆ. ಅಮೆರಿಕದಲ್ಲಿ ನೋಂದಾಯಿಸಿದ ಪ್ರತಿ ಹಡಗಿಗೂ ಒಂದು ಅಧಿಕೃತ ಸಂಖ್ಯೆ ಕೊಡುತ್ತಿದ್ದರು. ಹೆಸರು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಪ್ರತಿ ವರ್ಷ ಸರ್ಕಾರ ಅಚ್ಚು ಹಾಕಿಸುತ್ತಿದ್ದ ವ್ಯಾಪಾರಿ ಹಡಗುಗಳ ಪಟ್ಟಿಯಲ್ಲಿ ಆ ಸಂಖ್ಯೆ, ಕಟ್ಟಿದ ಊರು, ವರ್ಷ, ಟನ್ ಲೆಕ್ಕದ ಗಾತ್ರ, ಎಲ್ಲ ಇರುತ್ತದೆ. ಆ ಸಂಖ್ಯೆ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ.

ಲೆಕ್ಕದ ಮೇಷ್ಟ್ರು

ಈ ಹಡಗಿನ ಬಗ್ಗೆ ಎಲ್ಲಿ ಓದಿದರೂ ಒಂದು ವಾಕ್ಯ ಇದ್ದೇ ಇರುತ್ತದೆ. ಒಟ್ಟು 2.5 ಕೋಟಿ ಜನರನ್ನು ಸಾಗಿಸಿದೆ, ಪ್ರಪಂಚದ ಬೇರೆ ಯಾವ ಹಡಗೂ ಇಷ್ಟು ಜನರನ್ನು ಸಾಗಿಸಿಲ್ಲ ಅಂತ. ನನಗೆ ಅನುಮಾನ ಬಂದು ಕೂತು ಲೆಕ್ಕ ಹಾಕಿದೆ.

1924ರಿಂದ 1975ರವರೆಗೆ ಓಡಿದೆ. ಯುದ್ಧದ ವರ್ಷ ಕಳೆದರೆ ಸುಮಾರು 47 ವರ್ಷ ಉಳಿಯುತ್ತದೆ. 2.5 ಕೋಟಿಯನ್ನು ಅದರಿಂದ ಭಾಗಿಸಿದರೆ ವರ್ಷಕ್ಕೆ 5.3 ಲಕ್ಷ. ಒಂದು ಸಲಕ್ಕೆ 1,950 ಜನ ಅಂದರೆ ವರ್ಷಕ್ಕೆ ತುಂಬಿದ ಹಡಗಿನ 273 ಪ್ರಯಾಣ. ಹೋಗಿ ಬರುವುದನ್ನು ಒಂದೆಂದು ಹಿಡಿದರೆ 136 ದಿನ. ಅಷ್ಟೂ ದಿನ ಒಂದು ಸೀಟೂ ಖಾಲಿ ಇಲ್ಲದೆ, 47 ವರ್ಷ. ಆಗದ ಮಾತಲ್ಲ, ಆದರೆ ಬಹಳ ಬಿಗಿಯಾದ ಲೆಕ್ಕ. ಚಳಿಗಾಲದಲ್ಲಿ ಹಡಗು ಎಷ್ಟು ತುಂಬೀತು? ನನ್ನ ಅಭಿಪ್ರಾಯ ಕೇಳಿದರೆ ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು.

ಸೈನಿಕರ ಲೆಕ್ಕ ಬೇರೆ. 8,20,199 ಅಂತ ಕೊನೆಯ ಒಂದರವರೆಗೂ ಇದೆ. ಸೇನೆ ಪ್ರತಿಯೊಬ್ಬನ ಹೆಸರು ಬರೆದುಕೊಳ್ಳುತ್ತದೆ. ನಾಲ್ಕು ವರ್ಷಕ್ಕೆ ಹಂಚಿದರೆ ದಿನಕ್ಕೆ ಐನೂರ ಅರವತ್ತು ಚಿಲ್ಲರೆ. ಆರಾಮವಾಗಿ ನಂಬಬಹುದು.

ಕುಳಾಯಿ ಮಾಮ

ಮೇಷ್ಟ್ರೇ, ಒಳ್ಳೆಯ ಲೆಕ್ಕ. ಒಂದು ಸೇರಿಸುತ್ತೇನೆ. ಹೋಗುವಾಗ ಒಂದು, ಬರುವಾಗ ಒಂದು ಅಂತ ಒಬ್ಬನನ್ನೇ ಎರಡು ಸಲ ಎಣಿಸುವುದು ಫೆರ್ರಿ ಕಂಪನಿಗಳ ಪದ್ಧತಿ. 2.5 ಕೋಟಿ "ಜನ" ಅನ್ನುವುದಕ್ಕಿಂತ "ಪ್ರಯಾಣ" ಅನ್ನುವುದು ಸರಿ. ನಿಮ್ಮ ಲೆಕ್ಕದಲ್ಲೂ ಹಾಗೇ ಹಿಡಿದಿದ್ದೀರಿ.

ತುಮರಿ ಹುಡುಗ

ನಾನು ಮೊದಲು ಹೇಳಿದ್ದು ತಪ್ಪಾಯಿತು, ಕ್ಷಮಿಸಿ ಅಕ್ಕಾ. ಆದರೆ ಇಷ್ಟೆಲ್ಲ ಓದಿ ತುಂಬ ಖುಷಿಯಾಯಿತು. ನಾನು ಶರಾವತಿ ಹಿನ್ನೀರಿನ ಆಚೆ ಬೆಳೆದವನು. ಲಾಂಚ್ ತಪ್ಪಿದರೆ ಆ ದಿನ ಸಾಗರ ಪೇಟೆಯ ಕೆಲಸ ಎಲ್ಲ ತಪ್ಪಿದ ಹಾಗೆ. 2025ರ ಜುಲೈನಲ್ಲಿ ಸೇತುವೆ ಆಯಿತು, ಬೇಕಾಗಿದ್ದೇ. ಆಸ್ಪತ್ರೆಗೆ ಹೋಗುವವರ ಕಷ್ಟ ನಾವು ಕಂಡಿದ್ದೇವೆ. ಆದರೂ ಆ ಲಾಂಚಿನ ಸದ್ದು ಈಗಲೂ ಕಿವಿಯಲ್ಲಿದೆ.

ನಾಣ್ಯದ ಹುಡುಗರ ವಿಷಯ ಯಾರಿಗಾದರೂ ಗೊತ್ತಾ?

ಲಾಂಗ್ ಬೀಚ್ ಕನ್ನಡತಿ

ಅದೂ ನಿಜ. ಹಡಗು ಆವಲಾನ್ ಕೊಲ್ಲಿಗೆ ಬರುವಾಗ ದೊಡ್ಡ ಸಂಭ್ರಮ ಇರುತ್ತಿತ್ತು. ಸ್ಪೀಡ್‌ಬೋಟ್‌ಗಳು ಎದುರು ಬಂದು ಸುತ್ತು ಹಾಕುತ್ತಿದ್ದವು. ದಡದಲ್ಲಿ ಹಾಡು, ವಾದ್ಯ. ಊರಿನ ಹುಡುಗರು ಹಡಗಿನ ಪಕ್ಕಕ್ಕೆ ಈಜಿ ಬರುತ್ತಿದ್ದರು. ಮೇಲಿನವರು ನಾಣ್ಯ ಎಸೆದರೆ ಮುಳುಗಿ ಹಿಡಿದು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೈ ಖಾಲಿ ಇದ್ದರೆ ತಾನೇ ಮುಂದಿನದನ್ನು ಹಿಡಿಯಲು ಆಗುವುದು. ಹಡಗು ವಾಪಸ್ ಹೊರಡುವಾಗ ಬಣ್ಣದ ಕಾಗದದ ಸುರುಳಿಗಳನ್ನು ಡೆಕ್‌ನಿಂದ ದಡಕ್ಕೆ ಎಸೆಯುತ್ತಿದ್ದರು. ಇಲ್ಲಿನ ಎಷ್ಟೋ ಮನೆಗಳ ಆಲ್ಬಮ್‌ನಲ್ಲಿ ಆ ಫೋಟೊಗಳಿವೆ.

ಧಾರವಾಡ ಪೇಡಾ

ಅಜ್ಜ ಸರಿಯಾಗಿ ಇದನ್ನೇ ಹೇಳುತ್ತಿದ್ದರಂತೆ. "ಗಲ್ಲದಾಗ ರೊಕ್ಕ ಇಟ್ಕೊಂಡು ಈಜ್ತಿದ್ವು" ಅಂತ. ಮೂರಕ್ಕೆ ಮೂರೂ ನಿಜ. ಅಜ್ಜಿ ಇದ್ದಿದ್ದರೆ ಇವತ್ತು ಓದಿ ಹೇಳುತ್ತಿದ್ದೆ.

ಈಗ ಆ ಹಡಗು ಎಲ್ಲಿದೆ? ಮ್ಯೂಸಿಯಂ ಮಾಡಿದ್ದಾರಾ? ಅತ್ತೆ ಇದನ್ನೇ ಕೇಳುತ್ತಿದ್ದಾರೆ.

ಸ್ಯಾನ್ ಡಿಯೇಗೊ ಸಾಗರ

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಉತ್ತರ ಬರೆಯಲು ಎರಡು ದಿನ ತೆಗೆದುಕೊಂಡೆ. ಹಡಗು ಈಗ ಇಲ್ಲ ಮೇಡಂ.

1975ರಲ್ಲಿ ಓಡಾಟ ನಿಂತಿತು. ಆಮೇಲೆ ಸುಮ್ನೆ ನಿಂತೇ ಇತ್ತು. 1977ರ ಫೆಬ್ರವರಿಯಲ್ಲಿ ಹರಾಜು ಹಾಕಿದರು. ಬೆವರ್ಲಿ ಹಿಲ್ಸ್‌ನ ರಿಯಲ್ ಎಸ್ಟೇಟ್ ವ್ಯಾಪಾರಿಯೊಬ್ಬರು 70,000 ಡಾಲರಿಗೆ ಕೊಂಡು, ಹೆಂಡತಿಗೆ ವ್ಯಾಲೆಂಟೈನ್ ಉಡುಗೊರೆಯಾಗಿ ಕೊಟ್ಟರು. ಆಸೆ ಒಳ್ಳೆಯದೇ. ಆದರೆ 300 ಅಡಿ ಉದ್ದದ ಹಡಗನ್ನು ಕಟ್ಟಿಹಾಕಲು ಜಾಗ ಬೇಕಲ್ಲ. ನ್ಯೂಪೋರ್ಟ್ ಬೀಚ್, ಸ್ಯಾನ್ ಡಿಯೇಗೊ, ಲಾಂಗ್ ಬೀಚ್ ಅಂತ ಅಲೆಯಿತು. ಕೊನೆಗೆ 1985ರಲ್ಲಿ ಗಡಿ ದಾಟಿ ಮೆಕ್ಸಿಕೊದ ಎನ್ಸೆನಾಡಾ ಬಂದರಿಗೆ ಹೋಯಿತು. ಅಲ್ಲಿ ಸ್ವಲ್ಪ ಕಾಲ ಅದರಲ್ಲಿ ಹೋಟೆಲು, ಬಾರು ನಡೆಯಿತು. 1997ರಲ್ಲಿ ನೀರು ನುಗ್ಗಿ ಒಂದು ಬದಿಗೆ ವಾಲಿ ಮಣ್ಣಿನ ಮೇಲೆ ಕೂತುಬಿಟ್ಟಿತು.

ನಾನು ನೋಡಿದ್ದು 2003ರಲ್ಲಿ. ಗೆಳೆಯರ ಜೊತೆ ಎನ್ಸೆನಾಡಾಗೆ ಹೋಗಿದ್ದೆ, ಮೀನಿನ ಟಾಕೊ ತಿನ್ನಲು. ಬಂದರಿನ ನೀರಲ್ಲಿ ಇಷ್ಟು ದೊಡ್ಡ ಹಡಗು ವಾಲಿಕೊಂಡಿದೆ. ತುಕ್ಕು ಇಳಿದು ಬಿಳಿ ಬಣ್ಣದ ಮೇಲೆ ಕಂದು ಗೆರೆಗಳು. ಡೆಕ್ ಮೇಲೆ ಹಕ್ಕಿಗಳು. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ. ಅವರು "ಎಲ್ ಕ್ಯಾಟಲೀನಾ" ಅಂದರು, ಅಷ್ಟೇ. ನನಗೆ ಆಗ ಅದರ ಕಥೆ ಏನೂ ಗೊತ್ತಿರಲಿಲ್ಲ. ಆದರೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಮನೆಗೆ ಬಂದು ಹುಡುಕಿ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಉಳಿಸಲು ಇಲ್ಲಿ ತುಂಬ ಜನ ಪ್ರಯತ್ನಪಟ್ಟರು. ಕ್ಯಾಲಿಫೋರ್ನಿಯಾ ರಾಜ್ಯದ ಐತಿಹಾಸಿಕ ಸ್ಮಾರಕಗಳ ಪಟ್ಟಿಯಲ್ಲಿ ಅದಕ್ಕೆ 894ನೇ ಸಂಖ್ಯೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಎತ್ತಿ ನಿಲ್ಲಿಸಿ ಎಳೆದು ತರಲು ಹಣ ಬೇಕು. 2009ರಲ್ಲಿ ಅಲ್ಲೇ ತುಂಡು ತುಂಡು ಮಾಡಿ ಗುಜರಿಗೆ ಕೊಡಲು ಶುರುಮಾಡಿದರು.

ಕುಳಾಯಿ ಮಾಮ

ಹಡಗು ಒಡೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗ್ಯಾಸ್ ಕಟರ್ ಹಿಡಿದು ಮೊದಲು ಮೇಲಿನ ಡೆಕ್ ತೆಗೆಯುತ್ತಾರೆ. ಎಂಜಿನ್ ಕೊನೆಗೆ. ಆ ದಿನ ಅಲ್ಲಿರಲು ನನಗೆ ಆಗುತ್ತಿರಲಿಲ್ಲ.

ಯಾಕೆ ನಿಂತಿತು ಅಂತ ಕೆಲವರು ಕೇಳಬಹುದು. ಸ್ಟೀಮರ್ ಹೊರಡಬೇಕಾದರೆ ಗಂಟೆಗಟ್ಟಲೆ ಮೊದಲೇ ಬಾಯ್ಲರ್ ಹೊತ್ತಿಸಬೇಕು. ಎಂಜಿನ್ ರೂಮಿನಲ್ಲಿ, ಡೆಕ್ ಮೇಲೆ ತುಂಬ ಜನ ಬೇಕು. ಸಾವಿರ ಜನ ಬಂದರೂ ಇನ್ನೂರು ಜನ ಬಂದರೂ ಖರ್ಚು ಹೆಚ್ಚುಕಡಿಮೆ ಒಂದೇ. ಅಷ್ಟರಲ್ಲಿ ಚಿಕ್ಕ, ವೇಗದ ಡೀಸೆಲ್ ದೋಣಿಗಳು ಬಂದವು. ಅವು ಅರ್ಧ ಹೊತ್ತಿನಲ್ಲಿ ತಲುಪಿಸುತ್ತವೆ. ಬೇಸಿಗೆಯಲ್ಲಿ ಮಾತ್ರ ತುಂಬುವ ದೊಡ್ಡ ಹಡಗು ಅವುಗಳ ಎದುರು ಎಷ್ಟು ದಿನ ನಿಂತೀತು? ನನ್ನ ಪ್ರಕಾರ ತಪ್ಪು ಆದದ್ದು ನಿಲ್ಲಿಸಿದ್ದರಲ್ಲಿ ಅಲ್ಲ. ನಿಲ್ಲಿಸಿದ ದಿನವೇ ಅದಕ್ಕೊಂದು ಕಾಯಂ ಜಾಗ ನೋಡಿಡಬೇಕಿತ್ತು. ನೀರಿನಲ್ಲಿ ಸುಮ್ಮನೆ ನಿಂತ ಹಡಗು ಓಡುವ ಹಡಗಿಗಿಂತ ಬೇಗ ಹಾಳಾಗುತ್ತದೆ.

ಲೆಕ್ಕದ ಮೇಷ್ಟ್ರು

ಮಾಮ ಹೇಳಿದ ಕೊನೆಯ ಮಾತು ಒಪ್ಪುತ್ತೇನೆ. 1975ರಿಂದ 1985, ಹತ್ತು ವರ್ಷ ಸಮಯ ಇತ್ತು.

ಧಾರವಾಡ ಪೇಡಾ

ಅತ್ತೆಗೆ ಹೇಳುವುದೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ನಿನ್ನೆ ಅವರ ಮನೆಗೇ ಹೋಗಿ ಹೇಳಿದೆ. ಒಡೆದದ್ದು ಕೇಳಿ ಬೇಜಾರು ಮಾಡಿಕೊಂಡರು. ಆಮೇಲೆ ಸೈನಿಕರ ಲೆಕ್ಕ ಎರಡು ಸಲ ಓದಿಸಿಕೊಂಡರು. "ಇದನ್ನ ಫೋಟೊದ ಹಿಂದ ಬರೀ" ಅಂದರು. ಪೆನ್ಸಿಲ್‌ನಲ್ಲಿ ಅಜ್ಜನ ಅಕ್ಷರದ ಕೆಳಗೆ ಬರೆದಿದ್ದೇನೆ.

ಒಂದು ಕೇಳಲಾ? ಲಾಂಗ್ ಬೀಚ್ ಅಕ್ಕಾ, ನೀವು ಯಾವಾಗಲಾದರೂ ಆ ಕಡೆ ಹೋದರೆ, ಎರಡನೇ ಫೋಟೊ ತೆಗೆದ ಜಾಗದಿಂದ ಈಗ ಹೇಗೆ ಕಾಣುತ್ತದೆ ಅಂತ ಒಂದು ಫೋಟೊ ತೆಗೆದು ಕಳಿಸುತ್ತೀರಾ? ಅವಸರ ಇಲ್ಲ.

ಲಾಂಗ್ ಬೀಚ್ ಕನ್ನಡತಿ

ಯಾವಾಗಲಾದರೂ ಯಾಕೆ, ಶನಿವಾರವೇ ಹೋಗಿ ಬಂದೆ. ಮಗನನ್ನೂ ಕರೆದುಕೊಂಡು ಹೋಗಿದ್ದೆ. ಈಗ ಓಡುವುದು ಕ್ಯಾಟಲೀನಾ ಎಕ್ಸ್‌ಪ್ರೆಸ್, ಸುಮಾರು ಒಂದು ಗಂಟೆಯ ದಾರಿ. ವೇಗ ಜಾಸ್ತಿ, ಗಾಳಿಗೆ ಹೊರಗೆ ನಿಲ್ಲುವುದೇ ಕಷ್ಟ. ಆವಲಾನ್ ಕೊಲ್ಲಿಗೆ ತಿರುಗುವಾಗ ವೇಗ ಇಳಿಸುತ್ತಾರೆ. ಆಗ ನಿಮ್ಮ ಫೋಟೊವನ್ನು ಫೋನಿನಲ್ಲಿ ಹಿಡಿದುಕೊಂಡು ಕಾಯುತ್ತಿದ್ದೆವು. ಗುಡ್ಡದ ಗೆರೆ, ಕ್ಯಾಸಿನೊದ ಕಂಬಗಳು ಒಂದೊಂದೇ ಹೊಂದುತ್ತಾ ಬಂದವು. ಆದರೆ ಪೂರ್ತಿ ಹೊಂದಲಿಲ್ಲ. ಯಾಕೆ ಅಂತ ಮಗ ಹೇಳಿದ: "ಅಮ್ಮಾ, ಅವರು ನಮಗಿಂತ ತುಂಬ ಎತ್ತರದಲ್ಲಿ ನಿಂತಿದ್ದಾರೆ." ಸರಿ, ದೊಡ್ಡ ಸ್ಟೀಮರಿನ ಮೇಲಿನ ಡೆಕ್ ಅಷ್ಟು ಎತ್ತರ ಇತ್ತು. ಈಗ ಆ ಎತ್ತರದಲ್ಲಿ ಬರೀ ಗಾಳಿ.

ವಾಪಸ್ ಬರುವ ಮೊದಲು ದ್ವೀಪದ ಮ್ಯೂಸಿಯಂಗೂ ಹೋಗಿದ್ದೆವು. ಎರಡು ಫೋಟೊ ಲಗತ್ತಿಸಿದ್ದೇನೆ. ಒಂದು ನೀವು ಕೇಳಿದ್ದು. ಇನ್ನೊಂದರಲ್ಲಿ ಮಗ ಕಟಕಟೆಗೆ ಒರಗಿ ನಿಂತಿದ್ದಾನೆ, ನಿಮ್ಮ ಅಜ್ಜ ನಿಂತ ಹಾಗೇ. ಅವನೇ ಹಾಗೆ ನಿಂತ, ನಾನು ಹೇಳಲಿಲ್ಲ.

ಧಾರವಾಡ ಪೇಡಾ

ಅಕ್ಕಾ, ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನಾಲ್ಕೂ ಫೋಟೊ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದಾರೆ. ಹುಡುಗನ ಹೆಸರೇನು ಅಂತ ಕೇಳುತ್ತಿದ್ದಾರೆ. ಫೋನಿನಲ್ಲಿ ಹೇಳಿ, ಇಲ್ಲಿ ಬರೆಯಬೇಡಿ. ಅವನಿಗೆ ಪೇಡಾ ಕಳಿಸಬೇಕಂತೆ.